ಸಣ್ಣ ಊರಿಂದ ಸಾಮಾನು ಕಳ್ಸೋದು ಹೇಗೆ: ಬಸ್ಸು, ಪೋಸ್ಟು, ಲಾರಿ, ರೈಲು, ಯಾವುದಕ್ಕೆ ಯಾವುದು

ನಮ್ದು ಸಾಗರ ಸೀಮೆಯ ಒಂದು ಹೋಬಳಿ ಊರು. ಬಸ್ ಸ್ಟ್ಯಾಂಡ್ ಅಂತ ಬೋರ್ಡ್ ಇಲ್ಲ, ಅರಳಿಕಟ್ಟೆ ಹತ್ರ ಬಸ್ ನಿಲ್ಲತ್ತೆ, ಒಂದು ಪೋಸ್ಟಾಫೀಸು, ಎರಡು ಗೂಡ್ಸ್ ಆಟೋ, ಅಷ್ಟೇ. ಇಲ್ಲಿ ಕೂತ್ಕೊಂಡು ನಾನು ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ, ಕಾಳುಮೆಣಸು ಎಲ್ಲಾ ಹೊರಗಡೆ ಊರಿಗೆ ಕಳಿಸ್ತಾ ಇದೀನಿ, ಮೊದಮೊದ್ಲು ಬೇಕಾದಷ್ಟು ದುಡ್ಡು ಕಳ್ಕೊಂಡಿದೀನಿ ಕೂಡ. ಹೊಸದಾಗಿ ಮನೇಲಿ ಏನೋ ಮಾಡಿ ಮಾರೋಕೆ ಶುರು ಮಾಡಿದೋರು ಸುಮಾರು ಜನ ಕೇಳ್ತಾರೆ, ಅಲ್ಲಾ ನೀವು ಅಲ್ಲಿಂದ ಹೇಗೆ ಕಳಿಸ್ತೀರಿ ಅಂತ. ಅದಕ್ಕೇ ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ ಕೂತೆ.

ಮೊದ್ಲು ಒಂದು ಮಾತು. ಬೆಂಗಳೂರಿಂದ ದೆಹಲಿಗೆ ಸಾಮಾನು ಹೋಗೋದು ಕಷ್ಟನೇ ಅಲ್ಲ, ಅದು ದಿನಾ ಸಾವಿರಾರು ಗಾಡಿ ಓಡೋ ದಾರಿ. ಕಷ್ಟ ಇರೋದು ನಮ್ಮನೆ ಜಗಲಿಯಿಂದ ದೊಡ್ಡ ರೋಡಿಗೆ ಸೇರೋ ಮೊದಲ್ನೇ ಮೂವತ್ತು ನಲವತ್ತು ಕಿಲೋಮೀಟ್ರಲ್ಲಿ. ನಮ್ಮ ಕಡೇನೇ ನೋಡಿ, ತುಮರಿ ಕಡೆಯೋರಿಗೆ ಶರಾವತಿ ಹಿನ್ನೀರಿನ ಲಾಂಚ್ ಟೈಮೇ ಎಲ್ಲಾ ಆಗಿತ್ತು, ಲಾಂಚ್ ತಪ್ಪಿದ್ರೆ ಆ ಸಾಮಾನು ಆವತ್ತು ಆಚೆ ದಡ ನೋಡ್ತಿರ್ಲಿಲ್ಲ. 2025ರ ಜುಲೈ 14ಕ್ಕೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಓಪನ್ ಆಯ್ತು, ಎರಡೂವರೆ ಕಿಲೋಮೀಟ್ರಿಗೆ ಸ್ವಲ್ಪ ಕಮ್ಮಿ ಉದ್ದ, ಅಷ್ಟು ದೂರ ಸರಿಹೋಗಿದ್ದಕ್ಕೆ ಅಲ್ಲಿಯೋರ ದಿನದ ಲೆಕ್ಕಾಚಾರನೇ ಬದಲಾಗಿಹೋಯ್ತು.

ಒಂದು: ನಿಮ್ಮೂರಿನ ಟೈಮ್ ಹಾಳೆ ಮಾಡ್ಕೊಳ್ಳಿ

ರೇಟ್ ಕೇಳೋಕೆ ಹೋಗ್ಬೇಡಿ ಇನ್ನೂ. ಒಂದು ಹಾಳೆ ತಗೊಂಡು ಊರಿಂದ ಮೊದಲ್ನೇ ಬಸ್ ಎಷ್ಟೊತ್ತಿಗೆ, ಕೊನೇ ಬಸ್ ಎಷ್ಟೊತ್ತಿಗೆ, ತಾಲ್ಲೂಕಲ್ಲಿ ಇಳಿದು ಹತ್ತೋದು ಬೇಡ ಸೀದಾ ಜಿಲ್ಲೆಗೋ ಬೆಂಗಳೂರಿಗೋ ಹೋಗೋ ಬಸ್ ಯಾವುದು, ಪೋಸ್ಟಿನ ಬ್ಯಾಗ್ ಎಷ್ಟೊತ್ತಿಗೆ ಕಟ್ಟತಾರೆ, ತಾಲ್ಲೂಕಿನ ಲಾರಿ ಆಫೀಸಲ್ಲಿ ಲೋಡ್ ಎಷ್ಟೊತ್ತಿಗೆ ಕ್ಲೋಸು, ಇಷ್ಟು ಬರ್ಕೊಳ್ಳಿ. ಬಸ್ ಟೈಮನ್ನ ಮೊಬೈಲಲ್ಲಿ ಹುಡುಕಿದ್ರೆ ರಿಸರ್ವೇಶನ್ ಇರೋ ಬಸ್ ಮಾತ್ರ ಸಿಗತ್ತೆ, ಹಳ್ಳಿ ಮೇಲೆ ಬರೋ ಆರ್ಡಿನರಿ ಬಸ್ ಅದ್ರಲ್ಲಿ ಇರಲ್ಲ, ತಾಲ್ಲೂಕು ಸ್ಟ್ಯಾಂಡಿನ ಕಂಟ್ರೋಲರ್ ಹತ್ರ ನಿಂತು ಕೇಳೋದೇ ಸರಿ. ಇನ್ನೊಂದು, ಸರ್ಕಾರಿ ಬಸ್ ಎಲ್ಲಾ ಒಂದೇ ಅಂದ್ಕೋಬೇಡಿ, ದಕ್ಷಿಣಕ್ಕೆ ಕೆಎಸ್ಆರ್‌ಟಿಸಿ, ಹುಬ್ಬಳ್ಳಿ ಬೆಳಗಾವಿ ಶಿರಸಿ ಕಡೆ ವಾಯವ್ಯ ಸಾರಿಗೆ, ಕಲಬುರಗಿ ಕಡೆ ಕಲ್ಯಾಣ ಕರ್ನಾಟಕ ಸಾರಿಗೆ, ಬೆಂಗಳೂರೊಳಗೆ ಬಿಎಂಟಿಸಿ. ಎರಡು ನಿಗಮದ ಗಡೀಲಿರೋ ಊರಾದ್ರೆ ಎರಡೂ ಕಡೆ ಕೇಳ್ಬೇಕು, ಒಬ್ರ ಬಸ್ಸಿನ ಟೈಮು ಇನ್ನೊಬ್ರಿಗೆ ಗೊತ್ತಿರಲ್ಲ.

ಈ ಹಾಳೆ ಯಾಕೆ ಅಂದ್ರೆ ನಂದೇ ಕತೆ ಕೇಳಿ. ಒಂದು ಶನಿವಾರ ಮಧ್ಯಾಹ್ನ ಊಟ ಮುಗ್ಸಿ ಆರಾಮಾಗಿ ಎರಡೂ ಇಪ್ಪತ್ತಕ್ಕೆ ಪಾರ್ಸೆಲ್ ಹಿಡ್ಕೊಂಡು ಪೋಸ್ಟಾಫೀಸಿಗೆ ಹೋದೆ, ಬಾಗ್ಲು ತೆಗ್ದೇ ಇತ್ತು, ಪೋಸ್ಟ್ ಅಕ್ಕ ಟೇಬಲ್ ಒರೆಸ್ತಾ ಇದ್ರು. ನನ್ನ ಕೈ ನೋಡಿ ನಕ್ಕು "ಬ್ಯಾಗ್ ಕಟ್ಟಾಯ್ತಲ್ಲ ಮಾರಾಯ, ಎರಡೂಕಾಲಿನ ಬಸ್ಸಿಗೆ ಹೋಯ್ತು" ಅಂದ್ರು. ಬುಕ್ ಏನೋ ಮಾಡ್ಕೊಂಡ್ರು, ಆದ್ರೆ ಭಾನುವಾರ ರಜೆ, ಪಾರ್ಸೆಲ್ ಊರು ಬಿಟ್ಟಿದ್ದು ಸೋಮವಾರ ಮಧ್ಯಾಹ್ನ. ಐದು ನಿಮಿಷಕ್ಕೆ ಎರಡು ದಿನ. ಆಫೀಸ್ ಐದರ ತನಕ ತೆಗ್ದಿರತ್ತೆ ಅನ್ನೋದಕ್ಕೂ ಸಾಮಾನು ಆವತ್ತೇ ಹೊರಡತ್ತೆ ಅನ್ನೋದಕ್ಕೂ ಸಂಬಂಧನೇ ಇಲ್ಲ. ಆಮೇಲಿಂದ ನಾನು ಹೊರಗಡೆ ರಾಜ್ಯದ ಪಾರ್ಸೆಲ್ ಸೋಮವಾರ ಮಂಗಳವಾರವೇ ಹಾಕೋದು, ಶುಕ್ರವಾರ ಹಾಕಿದ್ದು ದಾರೀಲಿ ಎಲ್ಲೋ ಭಾನುವಾರ ಮಲಗ್ತದೆ.

ಮಲೆನಾಡು ಕರಾವಳಿಯೋರು ಹಾಳೆ ಹಿಂದ್ಗಡೆ ಮಳೆಗಾಲದ ದಾರೀನೂ ಬರ್ಕೊಳ್ಳಿ. ಆಗುಂಬೆ ಘಾಟೀಲಿ ಭಾರಿ ಗಾಡಿ ಬಿಡಲ್ಲ, 2024ರ ಜುಲೈನಲ್ಲಿ ಶಿರಾಡಿ ಘಾಟೀಲಿ ಗುಡ್ಡ ಜರಿದಿತ್ತು, ಅದೇ ತಿಂಗಳು ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಓಡಾಟ ಎಷ್ಟೋ ದಿನ ನಿಂತೇ ಹೋಗಿತ್ತು. ಜುಲೈ ಆಗಸ್ಟಲ್ಲಿ ಗಿರಾಕಿಗೆ "ಮೂರು ದಿನ" ಅಂತ ಮಾತು ಕೊಡ್ಲೇಬೇಡಿ, ವಾರ ಅನ್ನಿ.

ಎರಡು: ತೂಕ ನೋಡಿ, ಅಳತೇನೂ ನೋಡಿ

ಡಿಜಿಟಲ್ ತಕ್ಕಡಿ ಒಂದು ಮನೇಲಿರ್ಲಿ. ಕೌಂಟರಲ್ಲಿ ಹೋಗಿ ತೂಕ ಮಾಡ್ಸಿದ್ರೆ ಹತ್ತು ಕೆಜಿ ಅಂದ್ಕೊಂಡಿದ್ದು ಹತ್ತೂ ನೂರು ಗ್ರಾಂ ಬಂದು ಮುಂದಿನ ಸ್ಲ್ಯಾಬಿಗೆ ಹೋಗತ್ತೆ, ಆಗ ಅಲ್ಲೇ ಟೇಪ್ ಬಿಚ್ಚಿ ಒಂದು ಬಾಟ್ಲಿ ತೆಗಿಯೋಕೂ ಆಗಲ್ಲ.

ಕೊರಿಯರಲ್ಲಿ ತೂಕಕ್ಕಿಂತ ಡಬ್ಬದ ಗಾತ್ರ ಹೊಡಿಯತ್ತೆ. ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗ್ಸಿ, ಬಂದಿದ್ದು ಕೆಜಿ, ನಿಜವಾದ ತೂಕ ಇದು ಎರಡ್ರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 40 ಇಂಟು 30 ಇಂಟು 30 ಡಬ್ಬದಲ್ಲಿ ಹಲಸಿನ ಹಪ್ಪಳ ತುಂಬಿದ್ರೆ ಮೂರು ಕೆಜಿ ಇರ್ಬೋದು ಅಷ್ಟೇ, ಆದ್ರೆ ಬಿಲ್ಲು 7.2 ಕೆಜಿಗೆ. ಲಾರಿ ಕಂಪ್ನಿಗಳು ಬೇರೆ ಲೆಕ್ಕ ಹಾಕ್ತಾರೆ, ಏನರಿಂದ ಭಾಗ್ಸ್ತೀರಿ ಅಂತ ಕೇಳ್ಬಿಡಿ. ಹಗುರ ಸಾಮಾನಿಗೆ ಕೈಗೆ ಸಿಕ್ಕ ದೊಡ್ಡ ಡಬ್ಬ ತಗೊಂಡು ಒಳಗೆ ಪೇಪರ್ ತುರುಕೋದು ದುಡ್ಡು ಸುರಿದ ಹಾಗೆ.

ಮೂರು: ಯಾವುದ್ರಲ್ಲಿ ಹಾಕೋದು

ನಂದು ಒರಟು ಲೆಕ್ಕ ಹೀಗೆ: ಐದು ಕೆಜಿ ಒಳಗಿದ್ದು ದೂರ ಹೋಗೋದು ಪೋಸ್ಟಿಗೆ, ಕರ್ನಾಟಕದೊಳಗೆ ನಾಳೆ ಬೆಳಿಗ್ಗೆನೇ ಬೇಕು ಅಂದ್ರೆ ಬಸ್ಸಿಗೆ, ಐವತ್ತು ಕೆಜಿ ಮೇಲಿದ್ರೆ ಲಾರಿಗೆ, ಬೈಕು ಮಂಚ ಅಂಥದ್ದು ತುಂಬಾ ದೂರಕ್ಕೆ ಹೋಗೋದಾದ್ರೆ ರೈಲು. ಮಧ್ಯದ್ದು ಆಯಾ ಊರಿನ ಸೌಕರ್ಯ ನೋಡ್ಕೊಂಡು.

ಪೋಸ್ಟಿನ ದೊಡ್ಡ ಗುಣ ಏನಂದ್ರೆ ಪಿನ್‌ಕೋಡ್ ಇರೋ ಯಾವ ಊರಿಗೂ "ಅಲ್ಲಿ ನಮ್ ಸರ್ವಿಸ್ ಇಲ್ಲ" ಅನ್ನಲ್ಲ. ಸ್ಪೀಡ್ ಪೋಸ್ಟು 1986ರಿಂದ ಇದೆ, 35 ಕೆಜಿ ತನಕ ತಗೋತಾರೆ. ಆದ್ರೆ ಹಳ್ಳಿ ಬ್ರ್ಯಾಂಚ್ ಆಫೀಸಲ್ಲಿ ದೊಡ್ಡ ತೂಕದ್ದು ಹೊರಿಸ್ಬೇಡಿ, ಅದನ್ನ ಹೊತ್ಕೊಂಡು ಬಸ್ಸಿಗೆ ಹಾಕೋದೂ ಅವ್ರೇ, ತಾಲ್ಲೂಕಿನ ಸಬ್ ಆಫೀಸಿಗೆ ನೀವೇ ಒಯ್ದುಕೊಟ್ರೆ ಒಂದು ದಿನಾನೂ ಉಳಿಯತ್ತೆ. ಇನ್ನೂ ಸುಮಾರು ಜನ ಹೋಗಿ "ರಿಜಿಸ್ಟರ್ ಪೋಸ್ಟ್ ಮಾಡಿ" ಅಂತಾರೆ, ಅದು 2025ರಲ್ಲೇ ಸ್ಪೀಡ್ ಪೋಸ್ಟೊಳಗೆ ಸೇರ್ಕೊಂಡಿದೆ. ಈಗ ಸ್ಪೀಡ್ ಪೋಸ್ಟ್ ಮಾಡ್ಸಿ ಮೇಲೆ ರಿಜಿಸ್ಟ್ರೇಶನ್ ಬೇಕು ಅಂದ್ರೆ 5 ರೂಪಾಯಿ ಮತ್ತೆ ಜಿಎಸ್ಟಿ ಜಾಸ್ತಿ, ಆಗ ವಿಳಾಸದಲ್ಲಿರೋರಿಗೇ ಅಥವಾ ಅವ್ರು ಬರ್ಕೊಟ್ಟೋರಿಗೇ ಕೊಡ್ತಾರೆ. ಕೋರ್ಟ್ ಕಾಗದ, ಆಸ್ತಿ ಪತ್ರ ಇಂಥದಕ್ಕೆ ಅದನ್ನ ಬಿಡ್ಬೇಡಿ. ರಸೀದೀಲಿ ಎರಡಕ್ಷರ, ಒಂಬತ್ತು ಅಂಕಿ, ಕೊನೇಲಿ ಐಎನ್ ಅಂತ ಒಟ್ಟು 13ರ ನಂಬರ್ ಇರತ್ತೆ, ಟ್ರ್ಯಾಕಿಂಗಿಗೆ ಅದೇ. ಥರ್ಮಲ್ ಪೇಪರ್ರು ಬೇಗ ಅಳಿಸ್ಕೊಂಡು ಹೋಗತ್ತೆ, ಅಲ್ಲೇ ಫೋಟೋ ಹೊಡ್ಕೊಳ್ಳಿ.

ಬಸ್ಸು ನಂಗೆ ಇಷ್ಟದ ದಾರಿ. ಕೆಎಸ್ಆರ್‌ಟಿಸಿಯೋರು 2021ರ ಫೆಬ್ರವರಿಯಲ್ಲಿ "ನಮ್ಮ ಕಾರ್ಗೋ" ಅಂತ ಶುರು ಮಾಡಿದ್ರು, 2023ರ ಕೊನೇಲಿ ಅದಕ್ಕೇ ಅಂತ ಆರು ಟನ್ನಿನ ಲಾರೀನೂ ಬಿಟ್ರು. ರಾತ್ರಿ ಬಸ್ಸಿನ ಡಿಕ್ಕೀಲಿ ಹೋದ ಸಾಮಾನು ಬೆಳಿಗ್ಗೆ ಬೆಂಗಳೂರಲ್ಲಿ ಇರತ್ತೆ, ಕೊರಿಯರ್ ಇದನ್ನ ಸಣ್ಣ ಊರಿಂದ ಮಾಡೋದು ಕಷ್ಟ, ಯಾಕಂದ್ರೆ ಅವ್ರು ಮೊದ್ಲು ಶಿವಮೊಗ್ಗದ ಹಬ್ಬಿಗೆ (ಸಾಮಾನು ವಿಂಗಡಿಸೋ ಕೇಂದ್ರ) ಒಯ್ದು ಅಲ್ಲಿಂದ ಬಿಡ್ಬೇಕು. ಆದ್ರೆ ಎರಡು ವಿಷಯ. ಕಾರ್ಗೋ ಕೌಂಟರ್ ಎಲ್ಲಾ ಸ್ಟ್ಯಾಂಡಲ್ಲೂ ಇರಲ್ಲ, ದೊಡ್ಡ ಸ್ಟ್ಯಾಂಡಲ್ಲಿ ಇರತ್ತೆ. ಮತ್ತೆ ಸ್ಟ್ಯಾಂಡಿಂದ ಸ್ಟ್ಯಾಂಡಿಗೆ ಅಂತನೇ ತಿಳ್ಕೊಳ್ಳಿ, ತಗೊಳ್ಳೋರು ಅಲ್ಲಿಗೆ ಹೋಗ್ಬೇಕು, ಹಾಗಾಗಿ ಬುಕ್ ಮಾಡೋ ಮುಂಚೆ ಅವ್ರಿಗೆ ಫೋನ್ ಮಾಡಿ ಬೆಳಿಗ್ಗೆ ಹೋಗಿ ತಗೋತೀರಾ ಅಂತ ಕೇಳಿ. ಎಪ್ಪತ್ತು ದಾಟಿದ ಅತ್ತೆಗೆ ಮೆಜೆಸ್ಟಿಕ್ಕಿಗೆ ಹೋಗಿ ಮೂಟೆ ತಗೊಂಡು ಬಾ ಅನ್ನೋಕಾಗತ್ತಾ.

ಊರಲ್ಲಿ ಎಲ್ಲಾರೂ ಮಾಡೋದು ಅಂದ್ರೆ ಡ್ರೈವರ್ರಣ್ಣನ ಕೈಗೆ ಒಂದು ಕವರ್ ಕೊಟ್ಟು "ಸಾಗರದಲ್ಲಿ ನಮ್ ಹುಡ್ಗ ಬರ್ತಾನೆ" ಅನ್ನೋದು. ಔಷಧಿ, ಮರ್ತುಹೋದ ಕನ್ನಡಕ ಅಂಥದ್ದು ಹೀಗೇ ನಡಿತಾ ಬಂದಿದೆ, ಇಲ್ಲ ಅನ್ನಲ್ಲ. ಆದ್ರೆ ಅದಕ್ಕೆ ರಸೀದಿ ಇಲ್ಲ, ಹೋದ್ರೆ ಹೋಯ್ತು, ಚೆಕಿಂಗ್ ಬಂದ್ರೆ ಪಾಪ ಅವ್ರಿಗೆ ತೊಂದ್ರೆ. ಮಾರೋ ಸಾಮಾನು ಹೀಗೆ ಕಳಿಸ್ಬೇಡಿ. ನೀವೇ ಹೋಗ್ತಿದ್ರೆ ಕೆಎಸ್ಆರ್‌ಟಿಸಿಲಿ ದೊಡ್ಡೋರಿಗೆ 30 ಕೆಜಿ, ಮಕ್ಕಳಿಗೆ 15 ಕೆಜಿ ಲಗೇಜ್ ಫ್ರೀ, ಅದರ ಮೇಲೆ ಲಗೇಜ್ ಟಿಕೆಟು. ಶಕ್ತಿ ಯೋಜನೇಲಿ ಹೆಂಗಸರಿಗೆ ಸೀಟು ಫ್ರೀ ಇದ್ರೂ ಜಾಸ್ತಿ ಲಗೇಜ್ ಫ್ರೀ ಅಲ್ಲ, ಇದಕ್ಕೇ ಸಂತೆ ದಿನ ಬಸ್ಸಲ್ಲಿ ಜಗಳ ನಡಿಯೋದು.

ಇನ್ನು ಲಾರಿ, ಅಂದ್ರೆ ಪಾರ್ಸೆಲ್ ಸರ್ವಿಸ್ ಕಂಪ್ನಿಗಳು. ಈ ಧಂದೇಲಿ ನಮ್ಮೋರು ದೊಡ್ಡೋರು, ವಿಆರ್‌ಎಲ್ ಶುರುವಾಗಿದ್ದೇ 1976ರಲ್ಲಿ ಗದಗದಿಂದ. ತಾಲ್ಲೂಕಲ್ಲಿ ಇಂಥಾ ಎರಡು ಮೂರು ಆಫೀಸಾದ್ರೂ ಇರತ್ತೆ. ಮೂಟೆ ಕೊಟ್ಟ ತಕ್ಷಣ ಎಲ್‌ಆರ್ ಕೊಡ್ತಾರೆ, ಲಾರಿ ರಸೀದಿ, ಅದೇ ನಿಮ್ಮ ಪ್ರಾಣ. ಅದ್ರಲ್ಲಿ ನಾಲ್ಕು ವಿಷಯ ಓದಿ ನೋಡ್ಲೇಬೇಕು: ಎಷ್ಟು ನಗ (ಅಂದ್ರೆ ಎಷ್ಟು ಮೂಟೆ, ಡಬ್ಬ), ತೂಕ ಎಷ್ಟು, ಪೇಡೋ ಟು ಪೇನೋ, ಗೋಡೌನ್ ಡೆಲಿವರಿಯೋ ಡೋರ್ ಡೆಲಿವರಿಯೋ. ಪೇಡ್ ಅಂದ್ರೆ ಬಾಡಿಗೆ ನೀವೇ ಕಟ್ಟಿರೋದು, ಟು ಪೇ ಅಂದ್ರೆ ಸಾಮಾನು ತಗೊಳ್ಳೋರು ಬಾಡಿಗೆ ಕೊಡೋದು, ಇದನ್ನ ಗಿರಾಕಿಗೆ ಮೊದ್ಲೇ ಹೇಳ್ದೆ ನಾನು ಒಂದ್ಸಲ ಚೆನ್ನಾಗಿ ಬೈಸ್ಕೊಂಡೆ. ಬಾಡಿಗೆ ಜೊತೆ ಹಮಾಲಿ, ಸ್ಟ್ಯಾಟಿಸ್ಟಿಕಲ್ ಅಂತ ಏನೇನೋ ಸಣ್ಣ ಸಣ್ಣ ಚಾರ್ಜು ಸೇರತ್ತೆ, ಒಟ್ಟು ಎಷ್ಟು ಅಂತಷ್ಟೇ ಕೇಳಿ.

ಇಲ್ಲೊಂದು ಕಾನೂನು ಗೊತ್ತಿರ್ಲಿ, ಲಾರಿ ಆಫೀಸಲ್ಲಿ ಯಾರೂ ಹೇಳಲ್ಲ. 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ ಸಾಮಾನು ಹಾಳಾದ್ರೆ ಕಳೆದೋದ್ರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರವಣಿಗೇಲಿ ನೋಟೀಸ್ ಕೊಟ್ಟಿರ್ಬೇಕು, ಇಲ್ಲಾಂದ್ರೆ ಆಮೇಲೆ ಕೇಸ್ ಹಾಕೋಕೇ ಬರಲ್ಲ. ಫೋನಲ್ಲಿ ಆರು ತಿಂಗಳು "ನೋಡ್ತೀವಿ ಸಾರ್, ಹುಡುಕ್ತಾ ಇದೀವಿ ಸಾರ್" ಅನ್ನಿಸ್ಕೊಂಡು ಕೂತ್ರೆ ಅವಧಿ ಮುಗ್ದುಹೋಗತ್ತೆ. ಮತ್ತೆ ಜಾಸ್ತಿ ರಿಸ್ಕ್ ರೇಟ್ (ಸಾಮಾನಿನ ಹೆಚ್ಚಿನ ಹೊಣೆಗೆ ಅಂತ ಕಟ್ಟೋ ಜಾಸ್ತಿ ದುಡ್ಡು) ಕಟ್ಟದೇ ಇದ್ರೆ ಅವ್ರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 300 ರೂಪಾಯಿ ಬಾಡಿಗೇಲಿ 20 ಸಾವಿರದ ಕಾಳುಮೆಣಸು ಕಳಿಸಿದ್ರೆ ಲೆಕ್ಕ ಹಾಕ್ಕೊಳ್ಳಿ ಎಷ್ಟು ಬರತ್ತೆ ಅಂತ. ಬೆಲೆಬಾಳೋದಕ್ಕೆ ಇನ್ಶೂರೆನ್ಸ್ ಮಾಡ್ಸಿ.

ರೈಲು ನಮ್ಮಂಥೋರಿಗೆ ಸ್ವಲ್ಪ ದೂರದ ನೆಂಟ. ಎಲ್ಲಾ ಸ್ಟೇಶನಲ್ಲೂ ಪಾರ್ಸೆಲ್ ಬುಕಿಂಗ್ ಇರಲ್ಲ, ಎರಡು ನಿಮಿಷ ನಿಲ್ಲೋ ಗಾಡೀಲಿ ಹತ್ಸೋಕೂ ಆಗಲ್ಲ, ದೊಡ್ಡ ಸ್ಟೇಶನಿಗೆ ಒಯ್ಯೋ ಗೂಡ್ಸ್ ಆಟೋ ಬಾಡಿಗೇನೇ ಉಳಿತಾಯ ತಿಂದುಹಾಕತ್ತೆ. ಮಗ ಪುಣೆಗೋ ದೆಹಲಿಗೋ ಕೆಲ್ಸಕ್ಕೆ ಹೋದ, ಬೈಕ್ ಕಳಿಸ್ಬೇಕು ಅಂದ್ರೆ ಮಾತ್ರ ರೈಲೇ ಸರಿ. ಆರ್‌ಸಿ ಕಾಪಿ, ಐಡಿ ಕಾಪಿ ಇಟ್ಕೊಳ್ಳಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸ್ತಾರೆ, ಹಾಗಾಗಿ ಫುಲ್ ಟ್ಯಾಂಕ್ ಮಾಡ್ಕೊಂಡು ಹೋಗ್ಬೇಡಿ. ಗೋಣಿ ಸುತ್ತಿ ಪ್ಯಾಕ್ ಮಾಡೋರು ಪಾರ್ಸೆಲ್ ಆಫೀಸ್ ಸುತ್ತಮುತ್ತನೇ ಇರ್ತಾರೆ. ಮುಟ್ಟಿದ ಮೇಲೆ ಬೇಗ ಬಿಡಿಸ್ಕೊಳ್ಳದಿದ್ರೆ ದಂಡ ಓಡ್ತಾ ಇರತ್ತೆ. ನೀವೇ ಅದೇ ಗಾಡೀಲಿ ಹೋಗೋದಾದ್ರೆ ಸ್ಲೀಪರ್ ಟಿಕೆಟಿಗೆ 40 ಕೆಜಿ ತನಕ ನಿಮ್ಮ ಜೊತೆನೇ ಒಯ್ಬೋದು, ಹಾಗಾದ್ರೆ ಪಾರ್ಸೆಲ್ ಯಾಕೆ ಬೇಕು.

ಕೊರಿಯರ್ ಬಗ್ಗೆ ಜಾಸ್ತಿ ಬರಿಯಲ್ಲ. ನಿಮ್ಮ ಪಿನ್‌ಕೋಡಿಗೂ ಮುಟ್ಟೋ ಪಿನ್‌ಕೋಡಿಗೂ ಸರ್ವಿಸ್ ಇದ್ಯಾ ನೋಡಿ, ಇದ್ರೂ ಹಳ್ಳಿ ಆದ್ರೆ ಒಡಿಎ (ಅವ್ರ ಮಾಮೂಲಿ ಡೆಲಿವರಿ ಜಾಗದ ಹೊರಗೆ) ಅಂತ ಜಾಸ್ತಿ ಚಾರ್ಜ್ ಇದ್ಯಾ ಕೇಳಿ. ಸಿಟಿಯಿಂದ ಸಿಟಿಗೆ ಕೊರಿಯರ್ ರಾಜ. ಹಳ್ಳಿಯಿಂದ ಹಳ್ಳಿಗೆ ಪೋಸ್ಟ್ ಮುಂದೆ ನಿಲ್ಲಲ್ಲ.

ನಾಲ್ಕು: ಕಟ್ಟೋದು

ಜೇನು ಕಳಿಸೋಕೆ ಶುರು ಮಾಡಿದ ವರ್ಷ ಒಂದು ಕೆಜಿಯ ಪ್ಲಾಸ್ಟಿಕ್ ಬಾಟ್ಲಿಗೆ ಮುಚ್ಚಳ ಬಿಗಿಯಾಗಿ ತಿರುಗ್ಸಿ ಡಬ್ಬಕ್ಕೆ ಹಾಕಿ ಕಳಿಸ್ದೆ. ಮುಚ್ಚಳ ಬಿಗಿಯಾಗೇ ಇತ್ತು, ಆದ್ರೆ ದಾರಿ ತುಂಬಾ ಬಾಟ್ಲಿ ಮಲಗಿತ್ತು, ಬೇಸಿಗೆ ಬೇರೆ, ಜೇನು ನೀರಾಗಿ ಎಳೆಎಳೆಯಾಗಿ ಥ್ರೆಡ್ ಸಂದೀಲಿ ಇಳಿದು ನಂದಷ್ಟೇ ಅಲ್ಲ ಪಕ್ಕದಲ್ಲಿದ್ದ ಯಾರದ್ದೋ ಮದುವೆ ಕಾರ್ಡಿನ ಕಟ್ಟೂ ಅಂಟಿಹೋಗಿತ್ತಂತೆ. ಆಮೇಲೆ ಕಲ್ತಿದ್ದು: ಮುಚ್ಚಳದೊಳಗೆ ಇಂಡಕ್ಷನ್ ಸೀಲು (ಬಾಟ್ಲಿ ಬಾಯಿಗೆ ಬಿಸಿಗೆ ಅಂಟೋ ಫಾಯಿಲು, ಸಣ್ಣ ಹ್ಯಾಂಡ್ ಮಿಷನ್ ಸಿಗತ್ತೆ), ಮೇಲೆ ಟೇಪು, ಒಂದೊಂದು ಬಾಟ್ಲಿಗೂ ಬೇರೆ ಪ್ಲಾಸ್ಟಿಕ್ ಕವರು, ಆಮೇಲೆ ಬಬಲ್ ಶೀಟು. ಕಟ್ಟಾದ ಮೇಲೆ ಬಾಟ್ಲಿ ತಲೆಕೆಳಗೆ ಮಾಡಿ ಒಂದು ರಾತ್ರಿ ಇಡಿ, ಬೆಳಿಗ್ಗೆ ಇರುವೆ ಬಂದಿಲ್ಲ ಅಂದ್ರೆ ಕಳಿಸ್ಬೋದು. ಇರುವೆಗಿಂತ ಒಳ್ಳೇ ಚೆಕಿಂಗ್ ಇನ್ಸ್‌ಪೆಕ್ಟರ್ ಇಲ್ಲ.

ಡಬ್ಬ ಮುಚ್ಚಿ ಅಲ್ಲಾಡಿಸಿ, ಒಳಗೆ ಸದ್ದು ಬಂದ್ರೆ ಬಿಚ್ಚಿ ಮತ್ತೆ ತುಂಬಿ. ಸೊಂಟದೆತ್ತರದಿಂದ ಬಿದ್ರೆ ತಡಿಬೇಕು, ಬೀಳ್ಸೇ ಬೀಳ್ಸ್ತಾರೆ, "ಗಾಜು ಹುಷಾರು" ಅಂತ ಬರ್ದಿದ್ದನ್ನ ಕತ್ತಲೆ ಗೋಡೌನಲ್ಲಿ ಯಾರು ಓದ್ತಾರೆ. ಮಳೆಗಾಲದಲ್ಲಿ ಡಬ್ಬದ ಒಳಗಡೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದ್ರೊಳಗೆ ಸಾಮಾನು ಇಡಿ. ಹೊರಗಡೆ ಪ್ಲಾಸ್ಟಿಕ್ ಸುತ್ತಿದ್ದು ಹರಿಯತ್ತೆ.

ಕೊಬ್ಬರಿ ಕಳ್ಸೋರಿಗೆ ವಿಶೇಷ ಸೂಚನೆ. ಕೊಬ್ಬರಿ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳೋ ವಸ್ತು ಅಂತ ವಿಮಾನದ ಅಪಾಯಕಾರಿ ಪಟ್ಟೀಲಿದೆ, ಯುಎನ್ 1363 ಅಂತ ನಂಬರೇ ಇದೆ ಅದಕ್ಕೆ. ಹಾಗಾಗಿ ಏರ್ ಮೋಡಲ್ಲಿ ಹಾಕಿದ್ರೆ ಸ್ಕ್ಯಾನಿಂಗಲ್ಲಿ ಸಿಕ್ಕಿ ವಾಪಸ್ಸು. ಕೊಬ್ಬರಿ ಇದ್ರೆ ಸರ್ಫೇಸಲ್ಲೇ, ಅಂದ್ರೆ ನೆಲದ ಮೇಲೆ ಹೋಗೋದ್ರಲ್ಲೇ ಕಳಿಸಿ, ಏನಿದೆ ಅಂತ ನಿಜ ಹೇಳಿ.

ಐದು: ಕಾಗದ ಪತ್ರ

ಮಾರೋ ಸಾಮಾನಿನ ಬೆಲೆ 50 ಸಾವಿರ ದಾಟಿದ್ರೆ ಇ-ವೇ ಬಿಲ್ (ಸಾಮಾನು ಸಾಗಿಸೋಕೆ ಜಿಎಸ್ಟಿಯ ಆನ್‌ಲೈನ್ ಚೀಟಿ) ಬೇಕು, 2018ರ ಏಪ್ರಿಲ್‌ನಿಂದ ಇದೆ ಇದು. ಮಾಮೂಲಿ ಸಾಮಾನಿಗೆ ಒಂದು ದಿನಕ್ಕೆ 200 ಕಿಲೋಮೀಟ್ರ ಲೆಕ್ಕದಲ್ಲಿ ಅವಧಿ, ದಾರೀಲಿ ಮುಗ್ದುಹೋದ್ರೆ ಗಾಡಿ ನಿಲ್ಲಿಸ್ತಾರೆ. ತಾಜಾ ಹಣ್ಣು ತರಕಾರಿ ಹಾಲಿಗೆ ಬೇಡ, ಬಳಸಿದ ಮನೆ ಸಾಮಾನಿಗೂ ಬೇಡ. ಮನೆ ಸಾಮಾನು ಆದ್ರೆ ಒಂದು ಬಿಳಿ ಹಾಳೇಲಿ ಪಟ್ಟಿ ಬರ್ದು, "ಸ್ವಂತ ಬಳಕೆಯದು, ಮಾರಾಟಕ್ಕಲ್ಲ" ಅಂತ ಸಹಿ ಹಾಕಿ ಜೊತೆಗಿಡಿ. ತಿನ್ನೋ ಪದಾರ್ಥ ಮಾರೋರಿಗೆ ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ) ನಂಬರ್ ಕಡ್ಡಾಯ.

ಹೊರದೇಶಕ್ಕೆ ಕಳ್ಸೋಕೆ ಈಗ ಮಂಗಳೂರು ಬೆಂಗಳೂರು ಅಲೀಬೇಕಿಲ್ಲ, ಡಾಕ್ ಘರ್ ನಿರ್ಯಾತ್ ಕೇಂದ್ರ ಅಂತ ಪೋಸ್ಟಾಫೀಸುಗಳಲ್ಲೇ ಮಾಡಿದಾರೆ, ಜಿಲ್ಲೆಯ ಹೆಡ್ ಪೋಸ್ಟಾಫೀಸಲ್ಲಿ ವಿಚಾರ್ಸಿ. ವ್ಯಾಪಾರಕ್ಕೆ ಐಇಸಿ, ಅಂದ್ರೆ ಆಮದು ರಫ್ತು ಮಾಡೋರ ಕೋಡ್ ಬೇಕು, ಆನ್‌ಲೈನಲ್ಲಿ 500 ರೂಪಾಯಿ. ಮುಟ್ಟೋ ದೇಶದ ನಿಯಮ ಅವತ್ತವತ್ತಿಗೆ ನೋಡ್ಬೇಕು, 2025ರ ಆಗಸ್ಟ್ ಕೊನೇಲಿ ಅಮೆರಿಕಕ್ಕೆ ಪೋಸ್ಟ್ ಪಾರ್ಸೆಲ್ ನಿಲ್ಸಿಬಿಟ್ಟಿದ್ರು, ಮತ್ತೆ ಶುರುವಾಗಿದ್ದು ಅಕ್ಟೋಬರ್ ಮಧ್ಯದಲ್ಲಿ, ಅಷ್ಟೊತ್ತಿಗೆ ನನ್ನ ಗೆಳೆಯ ಮಗಳಿಗೆ ಅಂತ ಕಟ್ಟಿಟ್ಟ ಚಕ್ಲಿ ಮನೆಯೋರೇ ತಿಂದು ಮುಗ್ಸಿದ್ರು.

ಆರು: ವಿಳಾಸ

ಹಳ್ಳಿ ವಿಳಾಸದಲ್ಲಿ ಮನೆ ನಂಬರ್ ಇರಲ್ಲ, ಇದ್ರೂ ಯಾರಿಗೂ ಗೊತ್ತಿರಲ್ಲ. ಹೆಸ್ರು, ಮನೆತನ ಅಥವಾ ಅಪ್ಪನ ಹೆಸ್ರು, ಕೇರಿ, ಗುರುತು, ಊರು, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್ನು, ಎರಡು ಫೋನ್ ನಂಬರು. ಊರು ಬೇರೆ ಅಂಚೆ ಬೇರೆ ಇದ್ರೆ ಎರಡನ್ನೂ ಬರೀರಿ, ಒಂದೇ ಹೆಸ್ರಿನ ಊರು ತಾಲ್ಲೂಕಿಗೆ ಮೂರು ಇರ್ತವೆ. ಪಿನ್ನಿನ ಮೊದಲ ಮೂರಂಕಿ ವಿಂಗಡಣೆ ಜಿಲ್ಲೇದು, ಕೊನೇ ಮೂರು ಡೆಲಿವರಿ ಮಾಡೋ ಆಫೀಸಿಂದು. ಕರ್ನಾಟಕದ್ದು 56ರಿಂದ 59ರೊಳಗೆ ಶುರುವಾಗತ್ತೆ, ಗಿರಾಕಿ ಕೊಟ್ಟ ಪಿನ್ನು 60ರಿಂದ ಶುರುವಾಗಿ ಊರು ಮಾತ್ರ ಹಾಸನ ಅಂತಿದ್ರೆ ಫೋನ್ ಮಾಡಿ ಕೇಳಿ. ಹೊರ ರಾಜ್ಯಕ್ಕೆ ಇಂಗ್ಲಿಷಲ್ಲಿ ಬರೀರಿ, ನಮ್ಮ ಹಳ್ಳಿಗಳಿಗೆ ಕನ್ನಡದಲ್ಲೂ ಬರೀರಿ. ಅದೇ ವಿಳಾಸದ ಇನ್ನೊಂದು ಚೀಟಿ ಡಬ್ಬದ ಒಳಗೂ ಹಾಕಿ, ಮೇಲಿನದು ಒದ್ದೆಯಾಗಿ ಕಿತ್ತುಹೋದ್ರೆ ಬಿಚ್ಚಿ ನೋಡೋರಿಗೆ ಅದೊಂದೇ ದಾರಿ.

ಏಳು: ಕೊಟ್ಟ ಮೇಲೆ, ಬಂದ ಮೇಲೆ

ಟ್ರ್ಯಾಕಿಂಗನ್ನ ಗಂಟೆಗೊಂದ್ಸಲ ನೋಡ್ಬೇಡಿ, ಎರಡು ಕಡೆ ಮಾತ್ರ ಗಮನ ಇಡಿ: ನಿಮ್ಮ ಹಬ್ಬಿಂದ ಹೊರಟ್ಯಾ, ಮುಟ್ಟೋ ಊರಿನ ಆಫೀಸಿಗೆ ಬಂತಾ. ಹಬ್ಬಲ್ಲೇ ಎರಡು ದಿನಕ್ಕಿಂತ ಜಾಸ್ತಿ ಕೂತಿದ್ರೆ ಆಗ ಫೋನ್ ಮಾಡಿ.

ಸಾಮಾನು ತಗೊಳ್ಳೋರಿಗೆ ಒಂದು ಮಾತು ಕಲಿಸ್ಕೊಡಿ. ಡಬ್ಬ ಜಜ್ಜಿದ್ರೆ, ಒದ್ದೆಯಾಗಿದ್ರೆ ಸಹಿ ಮಾಡೋ ಮುಂಚೆ ಡೆಲಿವರಿ ಕಾಪಿ ಮೇಲೇ "ಒಡೆದು ಬಂದಿದೆ" ಅಂತ ಬರ್ದು ಆಮೇಲೆ ಸಹಿ ಹಾಕ್ಬೇಕು, ಬಿಚ್ಚೋವಾಗ ವಿಡಿಯೋ ಮಾಡ್ಬೇಕು. ನಂದು ಒಂದು ಮೂಟೆ ನೆಂದು ಹೋದಾಗ ಗಿರಾಕಿ ಸುಮ್ನೆ ಸಹಿ ಹಾಕಿಬಿಟ್ಟಿದ್ರು, ಆಫೀಸಿನೋರು ಆ ಸಹಿ ತೋರ್ಸಿ "ಸರಿಯಾಗೇ ಮುಟ್ಟಿದೆ ಅಂತ ಇದ್ಯಲ್ಲ" ಅಂದ್ರು, ಅಲ್ಲಿಗೆ ಮಾತು ಮುಗೀತು.

ನಮ್ಮೂರಿಗೆ ಬರೋ ಸಾಮಾನಿಗೂ ಇದೇ ಹಾಳೆ ಆಗತ್ತೆ. ಆನ್‌ಲೈನಲ್ಲಿ ನಿಮ್ಮ ಪಿನ್ನಿಗೆ ಡೆಲಿವರಿ ಇಲ್ಲ ಅಂತ ಬಂದ್ರೆ ತಾಲ್ಲೂಕಲ್ಲಿ ಪರಿಚಯದ ಅಂಗಡಿ ವಿಳಾಸ ಕೊಟ್ಟು, ಕೆಳಗೆ ನಿಮ್ಮ ಹೆಸ್ರು ನಂಬರ್ ಹಾಕಿ, ಸಂತೆ ದಿನ ಹೋದಾಗ ತಗೊಂಡು ಬನ್ನಿ. ಅಂಗಡಿಯೋರನ್ನ ಮೊದ್ಲು ಕೇಳಿ ಮಾತ್ರ, ನಮ್ಮ ತಾಲ್ಲೂಕಿನ ಗೊಬ್ಬರದಂಗಡಿ ಅಣ್ಣನ ಗಲ್ಲಾ ಹಿಂದೆ ಯಾವಾಗ್ಲೂ ನಾಲ್ಕೈದು ಊರಿನ ಪಾರ್ಸೆಲ್ ಇರ್ತವೆ, ಕ್ಯಾಶ್ ಆನ್ ಡೆಲಿವರಿ ಮಾತ್ರ ಬೇಡ ಮಾರಾಯ್ರೇ ಅಂತಾನೆ. ಪೋಸ್ಟಲ್ಲಿ ಬಂದಿದ್ದಾದ್ರೆ, ನೀವು ಮನೇಲಿ ಇಲ್ದಿದ್ರೂ ಆಫೀಸಲ್ಲಿ ಏಳು ದಿನ ಇಟ್ಕೊಂಡಿರ್ತಾರೆ, ಎಂಟನೇ ದಿನ ಅದೇ ಎರಡೂಕಾಲಿನ ಬಸ್ಸಲ್ಲಿ ವಾಪಸ್ ಹೋಗತ್ತೆ.